ಹೆಬ್ಬೆಟ್ಟೊತ್ತಿದ ಮುದ್ದೆ

ಕೋಲಾರ
19 ಜೂನ್ 2005

ಅತ್ತಿಗೆಗೆ ಗಂಗರತ್ನಳ ನಮಸ್ಕಾರ.

ಬಂದು ಸೇರಿದ ದಿನವೇ ಒಂದು ಕಾರ್ಡು ಹಾಕಿದ್ದೆ, ತಲುಪಿರಬೇಕು. ಅಣ್ಣ ನನ್ನನ್ನು ಬಿಟ್ಟು ಬಸ್ಸು ಹತ್ತಿದಾಗ ಅಳು ತಡೆಯಲಾಗಲಿಲ್ಲ. ಒಂಬತ್ತು ವರ್ಷದಿಂದ ನಿಮ್ಮ ಮನೆ ಬಿಟ್ಟು ಒಂದು ರಾತ್ರಿಯೂ ಬೇರೆ ಕಡೆ ಮಲಗಿದವಳಲ್ಲ. ಮೂವತ್ತಮೂರು ವರ್ಷದ ಹೆಂಗಸು ಹಾಸ್ಟೆಲ್ಲಿನಲ್ಲಿ ಟ್ರಂಕಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ, ನಗಬೇಡಿ.

ಇದೇನು ತರಬೇತಿ ಎಂದು ನೀವು ಮೂರು ಸಲ ಕೇಳಿದಿರಿ, ನನಗೇ ಸರಿಯಾಗಿ ಗೊತ್ತಿರಲಿಲ್ಲ. ಈಗ ಕೇಳಿ. ನಾವು ಏಳು ಜನ. ಏಳು ಜನಕ್ಕೂ ಒಂದು ಕಾಲಕ್ಕೆ ಮನಸ್ಸಿನ ಕಾಯಿಲೆ ಬಂದು ಹಿಡಿತಕ್ಕೆ ಸಿಕ್ಕಿದೆ. ಹಾಗೆ ಅನುಭವಿಸಿದವರೇ ಈಗ ಕಾಯಿಲೆ ಇರುವವರ ಮನೆಗೆ ಹೋಗಿ ಜೊತೆಗೆ ಕೂರಬೇಕು. ಡಾಕ್ಟರಲ್ಲ, ನರ್ಸೂ ಅಲ್ಲ. ಇಲ್ಲಿ ನಮ್ಮನ್ನು ಜೊತೆಗಾರ್ತಿ ಎನ್ನುತ್ತಾರೆ. ಕಲಿಸುವ ಮೃದುಲಾ ಮೇಡಂ ಮುಳಬಾಗಿಲಿನವರು. ಆ ಊರಿನ ಹೆಸರು ಕೇಳಿದ ಕೂಡಲೇ ಗಂಡನ ಮನೆ ನೆನಪಾಗಿ ಎದ್ದು ಹಿಂದಿನ ಸಾಲಿಗೆ ಹೋಗಿ ಕೂತೆ. ಆದರೆ ಇವರು ಒಳ್ಳೆಯವರು, ಮಾತು ಕಮ್ಮಿ. ಏಳು ತಿಂಗಳಾದ ಮೇಲೆ ಊರ ಜನರ ಎದುರು ನಿಂತು ಅವರವರ ಕಥೆ ಹೇಳಬೇಕು. ಮೇಡಂ ಒಪ್ಪಿದರೆ ಲಕ್ಕೂರಿನ ಕಡೆ ಕೆಲಸ, ಇರಲು ಒಂದು ಕೋಣೆ. ಅತ್ತಿಗೆ, ನನಗೆ ಈ ಕೆಲಸ ಬೇಕೇ ಬೇಕು. ಪಾಪದ ಗಂಗರತ್ನ ಎನ್ನಿಸಿಕೊಂಡು ಸಾಕಾಗಿದೆ.

ನಿನ್ನೆ ತರಗತಿಯಲ್ಲಿ ನನ್ನ ಕಥೆ ಹೇಳಿದೆ. ಗಂಡನ ಮನೆಯವರು ನನ್ನನ್ನು ತಂದು ನಿಮ್ಮ ಜಗಲಿಯ ಮೇಲೆ ಕೂರಿಸಿ, ನೀರೂ ಕುಡಿಯದೆ ಹೋದದ್ದು. ಆಸ್ಪತ್ರೆಯ ಮಾತ್ರೆಯಲ್ಲಿ ವಿಷ ಇದೆಯೆಂದು ನಾನು ಗೊಬ್ಬರದ ಗುಂಡಿಗೆ ಎಸೆದದ್ದು. ಹನ್ನೊಂದು ತಿಂಗಳು ಒಂದು ಮಾತ್ರೆಯನ್ನೂ ಮುಟ್ಟದೆ, ಒಂದು ಬೆಳಿಗ್ಗೆ ತಾನಾಗಿಯೇ ತಲೆ ತಿಳಿಯಾಗಿ, ನಾನೇ ನಿಮ್ಮನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದು ಕೇಳಿದ್ದು. ನೀವು ಪ್ರತಿ ತಿಂಗಳು ಕುರುಡುಮಲೆ ಗಣಪನ ಹರಕೆಗೆ ಹೋಗಿ ಕುಂಕುಮ ತರುತ್ತಿದ್ದದ್ದನ್ನೂ ಬಿಡಲಿಲ್ಲ. ಮುಖ್ಯವಾಗಿ ನನ್ನ ಮುದ್ದೆಯ ವಿಷಯ. ಎಲ್ಲರಿಗೂ ದೊಡ್ಡ ಮುದ್ದೆ, ನನಗೆ ಮಾತ್ರ ಬೇರೆ ಸಣ್ಣದು, ಅದರ ನೆತ್ತಿಗೆ ನಿಮ್ಮ ಹೆಬ್ಬೆಟ್ಟಿನ ಕುಳಿ, ಕುಳಿಯ ತುಂಬ ತುಪ್ಪ. ಆಗ ಯಾರು ಕೊಟ್ಟದ್ದನ್ನೂ ನಂಬದವಳು ಆ ಗುರುತು ಕಂಡರೆ ಮಾತ್ರ ಬಾಯಿ ತೆರೆಯುತ್ತಿದ್ದೆ ಎಂದು ಹೇಳುವಾಗ ಸೆರಗಿನಲ್ಲಿ ಕಣ್ಣು ಒರೆಸಿಕೊಂಡೆ. ಮೇಡಂ ಅದನ್ನೆಲ್ಲ ಬರೆದುಕೊಡಿ ಎಂದರು.

ಇಲ್ಲಿಯ ಅಡುಗೆಯವಳ ಮುದ್ದೆ ಎತ್ತಿ ಹೊಡೆದರೆ ತಲೆ ಒಡೆಯುತ್ತದೆ. ಅಣ್ಣನಿಗೆ ಹೇಳಿ.

ನಿಮ್ಮ ಗಂಗರತ್ನ


ರಾಯಲ್ಪಾಡು
3 ಜುಲೈ 2005

ಗಂಗರತ್ನಾ,

ನಿನ್ನ ಪತ್ರ ಬಂತು, ಮೊದಲಿನ ಕಾರ್ಡೂ ಬಂತು. ಆ ಕಾರ್ಡು ನನ್ನ ಕೈಗೆ ಬರುವ ಮುಂಚೆ ಪೋಸ್ಟ್‌ಮ್ಯಾನ್ ಮುನಿಯಲ್ಲಪ್ಪ ಓದಿ, ಅಂಗಡಿ ಮುಂದೆ ಹೇಳಿ, ಆಮೇಲೆ ಸೈಕಲ್ಲು ನಿಲ್ಲಿಸಿ ನನಗೂ ಓದಿ ಹೇಳಿದ. ಏಳನೇ ಕ್ಲಾಸು ಓದಿದವಳಿಗೆ! ಇನ್ನು ಮೇಲೆ ಕಾಯಿಲೆ ಗೀಯಿಲೆ ಎಂದು ಕಾರ್ಡಿನಲ್ಲಿ ಬರೆಯಬೇಡ. ಅಂಟಿಸುವ ಇನ್‌ಲ್ಯಾಂಡು ತಗೋ. ಅಂಗಡಿಯ ಫೋನಿಗೂ ಮಾಡಬೇಡ, ಅಲ್ಲಿ ಕೆಮ್ಮಿದರೂ ಊರಿಗೆ ಗೊತ್ತಾಗುತ್ತದೆ.

ಮಾವಿನಕಾಯಿ ಇಳಿಸಿ ಆಯಿತು. ನಿಮ್ಮಣ್ಣ ಟೊಮೆಟೊಗೆ ಕೋಲು ನಿಲ್ಲಿಸುತ್ತಿದ್ದಾರೆ. ನೀನಿಲ್ಲದೆ ಸಂಜೆ ಹೊತ್ತು ಮನೆಯಲ್ಲಿ ಮಾತೇ ಇಲ್ಲ. ಎಮ್ಮೆಯ ಜೊತೆ ತೆಲುಗಿನಲ್ಲಿ ಜಗಳ ಆಡಿಕೊಂಡು ಕಾಲ ಕಳೆಯುತ್ತಿದ್ದೇನೆ.

ನಿನ್ನ ಕಥೆ ಬರೆದುಕೊಡುವಾಗ ಸ್ವಲ್ಪ ಚಿಕ್ಕದು ಮಾಡಿ ಬರೆ. ಮುದ್ದೆ, ತುಪ್ಪ, ಹರಕೆ ಇವೆಲ್ಲ ಯಾಕೆ? ಮನೆ ಅಡುಗೆಯ ಮಾತು ಓದಿದವರ ಮುಂದೆ ಚೆನ್ನಾಗಿರುವುದಿಲ್ಲ. ಕಾಯಿಲೆ ಬಂತು, ವಾಸಿಯಾಯಿತು, ಮಾತ್ರೆ ತಗೊಳ್ಳುತ್ತಿದ್ದೇನೆ ಎಂದರೆ ಸಾಕು. ಹೆಚ್ಚು ಕೆದಕಬೇಡ.

ಮಾತ್ರೆ ಮರೆಯಬೇಡ.

ಅಕ್ಕಯಮ್ಮ


ಲಕ್ಕೂರು
21 ಆಗಸ್ಟ್ 2005

ಅತ್ತಿಗೆಗೆ ನಮಸ್ಕಾರ.

ನಿಮ್ಮ ಪತ್ರ ಓದಿ ನನಗೆ ಬೇಜಾರಾಯಿತು. ಮನೆತನದ ಮರ್ಯಾದೆಗೆ ಹೆದರಿದ್ದೀರಿ ಎಂದುಕೊಂಡೆ. ಊರೆಲ್ಲ ಹುಚ್ಚಿ ಎಂದಾಗ ನನ್ನ ತಲೆ ಬಾಚಿ ಹೂ ಮುಡಿಸಿ ಬಾಗಿಲಲ್ಲಿ ಕೂರಿಸಿದವರು ನೀವು. ಈಗ ನಾಚಿಕೆಯೇ? ನಾನು ಒಂದಕ್ಷರವನ್ನೂ ಚಿಕ್ಕದು ಮಾಡಲಿಲ್ಲ. ಕೋಪ ಬಂದರೆ ಬರಲಿ.

ಈಗ ನಮ್ಮನ್ನು ಅಡುಗೆಯವಳ ಸಮೇತ ಲಕ್ಕೂರಿಗೆ ಕಳಿಸಿದ್ದಾರೆ, ಹಳ್ಳಿ ಸುತ್ತುವ ಕೆಲಸ. ನನಗೆ ವಹಿಸಿದ್ದು ಶ್ಯಾಮಲಮ್ಮ ಎಂಬ ಹುಡುಗಿಯನ್ನು. ಇಪ್ಪತ್ತಾರು ವರ್ಷ, ಹಿಪ್ಪುನೇರಳೆ ತೋಟದ ಮನೆ, ತಾಯಿ ಮಗಳು ಇಬ್ಬರೇ. ರೇಷ್ಮೆಹುಳ ಜ್ವರ ಏಳುವ, ಅಂದರೆ ಪೊರೆ ಬಿಡುವ, ಕಾಲ ಬಂದರೆ ಹೊರಗಿನವರನ್ನು ಮನೆಯೊಳಕ್ಕೆ ಬಿಡುವುದಿಲ್ಲ, ಹಾಗಾಗಿ ಎರಡು ವಾರ ಬೇಲಿಯ ಆಚೆ ಕಲ್ಲಿನ ಮೇಲೆ ಕೂತು ಬಂದೆ. ಅವಳು ಸೊಪ್ಪು ಕೊಯ್ಯುತ್ತಾಳೆ, ಯಾರ ಮುಖವನ್ನೂ ನೋಡುವುದಿಲ್ಲ. ಕಿವಿಯಲ್ಲಿ ಯಾರೋ ಬೈಯುತ್ತಾರಂತೆ. ನನಗೂ ಹಾಗೇ ಆಗುತ್ತಿತ್ತಲ್ಲ, ಯಾವ ಹೊತ್ತಿನಲ್ಲಿ ಜಾಸ್ತಿ ಎಂದು ಕೇಳಿದೆ. ಆಗ ಮೊದಲ ಸಲ ತಿರುಗಿ ನೋಡಿದಳು.

ಅವಳ ತಾಯಿ ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದು, ಇವಳು ಮಾತ್ರೆಗೆ ಹಟ ಮಾಡ್ತಾಳೆ, ಸಂಗಟಿ ಮುದ್ದೆಯೊಳಗೆ ಇಟ್ಟು ನುಂಗಿಸಲಾ ಎಂದು ಕೇಳಿದಳು. ನನಗೆ ಮೈ ಉರಿಯಿತು. ಮೊದಲೇ ಯಾರೋ ವಿಷ ಹಾಕುತ್ತಾರೆ ಎನ್ನುವವಳಿಗೆ ಹೆತ್ತ ತಾಯಿಯೇ ಅನ್ನದಲ್ಲಿ ಕದ್ದು ಹಾಕಿದರೆ ಅವಳು ಇನ್ನು ಯಾರನ್ನು ನಂಬಬೇಕು, ಅದು ಮೋಸ ಎಂದು ಬೈದೇಬಿಟ್ಟೆ. ಆಮೇಲೆ ಶ್ಯಾಮಲಮ್ಮನಿಗೆ ನನ್ನ ಹನ್ನೊಂದು ತಿಂಗಳ ಕಥೆ ಹೇಳಿದೆ, ನಿಮ್ಮ ಹೆಬ್ಬೆಟ್ಟಿನ ಗುರುತಿನ ಸಮೇತ. ಕೊಯ್ದ ಸೊಪ್ಪನ್ನು ಕೆಳಗಿಟ್ಟು ಕೇಳಿದಳು.

ನನ್ನ ಕೆಲಸ ಇದೇ ಅತ್ತಿಗೆ. ನನಗೆ ಗೊತ್ತಾಗಿಹೋಯಿತು.

ಗಂಗರತ್ನ


(ಕಾರ್ಡು)
ರಾಯಲ್ಪಾಡು, 9 ಸೆಪ್ಟೆಂಬರ್ 2005

ಗಂಗರತ್ನಳಿಗೆ. ನಾವು ಕ್ಷೇಮ. ಕೆಲಸ ಜಾಸ್ತಿ, ಬರೆಯಲು ಪುರುಸೊತ್ತಿಲ್ಲ. ಗೌರಿ ಹಬ್ಬಕ್ಕೆ ನೀನು ಬರಲಿಲ್ಲವೆಂದು ನಿಮ್ಮಣ್ಣ ಕೇಳಿದರು. ಅಕ್ಕಯಮ್ಮ.


ಲಕ್ಕೂರು
16 ಅಕ್ಟೋಬರ್ 2005

ಅತ್ತಿಗೆ,

ಮೂರು ಸಾಲಿನ ಕಾರ್ಡು ಹಾಕಿದ್ದೀರಿ. ಜಗಳ ಆಡುವ ಸಮಯ ಇದಲ್ಲ, ನಿಮ್ಮಿಂದ ಒಂದು ಉಪಕಾರ ಆಗಬೇಕು.

ಶ್ಯಾಮಲಮ್ಮ ಮಾತ್ರೆ ಪೂರಾ ನಿಲ್ಲಿಸಿಬಿಟ್ಟಿದ್ದಳು. ನಮಗೆ ತಿಳಿದದ್ದು ಮೂರು ವಾರ ಕಳೆದ ಮೇಲೆ. ನಿದ್ದೆ ಹೋಯಿತು, ಊಟ ಹೋಯಿತು, ಕಳೆದ ಸೋಮವಾರ ಯಾರಿಗೂ ಹೇಳದೆ ಮನೆ ಬಿಟ್ಟಳು. ಮಾಲೂರು ರೈಲ್ವೆ ಸ್ಟೇಷನ್ನಿನಲ್ಲಿ ಕಾಲಿಗೆ ಚಪ್ಪಲಿಯಿಲ್ಲದೆ ಕೂತಿದ್ದವಳನ್ನು ಹೂ ಮಾರುವ ಹೆಂಗಸೊಬ್ಬಳು ಗುರುತಿಸಿ ಹಿಡಿದಿಟ್ಟುಕೊಂಡಳು. ಅವಳಿಲ್ಲದಿದ್ದರೆ ಏನಾಗುತ್ತಿತ್ತೋ. ಯಾಕಮ್ಮ ಮಾತ್ರೆ ಬಿಟ್ಟೆ ಎಂದು ಕೇಳಿದೆ. ಅವಳು ಹೇಳಿದ್ದು ಇಷ್ಟು: “ನೀವೂ ಹನ್ನೊಂದು ತಿಂಗಳು ತಗೊಳ್ಲಿಲ್ವಲ್ಲಕ್ಕಾ. ತಲೆ ತಾನಾಗೇ ತಿಳಿಯಾಯ್ತು ಅಂದ್ರಿ. ನಾನೂ ಕಾಯ್ತಾ ಇದೀನಿ.”

ಅವಳ ಮಾತನ್ನು ಹಾಗೆಯೇ ಬರೆದು ಮೇಡಂಗೆ ಕಳಿಸಿದೆ.

ಮೃದುಲಾ ಮೇಡಂ ಕರೆಸಿ ಕೂರಿಸಿಕೊಂಡರು. ಬೈಯಲಿಲ್ಲ. ಗಂಗರತ್ನಮ್ಮ, ನಿಮಗಿದ್ದಂಥ ಕಾಯಿಲೆ ಹೀಗೆ ಪೂರಾ ಔಷಧಿ ಇಲ್ಲದೆ ಇಳಿಯುವುದು ಅಪರೂಪ, ನಿಜಕ್ಕೂ ಒಂದೂ ತಗೊಂಡಿರಲಿಲ್ಲವೇ ಎಂದು ಕೇಳಿದರು. ನನಗೆ ರೋಷ ಬಂತು. ನನ್ನ ಅತ್ತಿಗೆಯನ್ನು ಕೇಳಿ, ಅವರು ಸುಳ್ಳು ಹೇಳುವವರಲ್ಲ ಎಂದೆ. ಹಾಗಾದರೆ ಅವರಿಂದ ಒಂದು ಮಾತು ಬರೆಸಿ ತರಿಸಿ, ಅಲ್ಲಿಯವರೆಗೆ ಯಾರ ಮನೆಯಲ್ಲೂ ಈ ಕಥೆ ಹೇಳಬೇಡಿ ಎಂದರು.

ಅದಕ್ಕೇ ಕೇಳುತ್ತಿದ್ದೇನೆ. ಆ ಹನ್ನೊಂದು ತಿಂಗಳು ನಾನು ಮಾತ್ರೆ ಮುಟ್ಟಲಿಲ್ಲವೆಂದು ನಿಮ್ಮ ಕೈಯಾರೆ ಬರೆದು ಕಳಿಸಿ. ನನ್ನ ಕೆಲಸ ಈಗ ನಿಮ್ಮ ಕೈಯಲ್ಲಿದೆ.

ಗಂಗರತ್ನ


ರಾಯಲ್ಪಾಡು
24 ಅಕ್ಟೋಬರ್ 2005

ಗಂಗರತ್ನಾ,

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಿನ್ನ ಮೊದಲ ಪತ್ರ ಬಂದಾಗಿನಿಂದ ನಾನು ಹೆಗಲು ಒರೆಸಿಕೊಳ್ಳುತ್ತಲೇ ಇದ್ದೇನೆ. ನಾಚಿಕೆ ಮರ್ಯಾದೆ ಯಾವುದೂ ಅಲ್ಲ. ನೀನು ಕೇಳಿದ ಹಾಗೆ ಬರೆದುಕೊಡಲು ನನ್ನಿಂದಾಗುವುದಿಲ್ಲ, ಯಾಕೆಂದರೆ ಅದು ನಿಜವಲ್ಲ.

ನೀನು ಗೊಬ್ಬರದ ಗುಂಡಿಗೆ ಎಸೆದ ಮಾತ್ರೆಗಳನ್ನು ನಾನೇ ಹೆಕ್ಕಿ ತಂದೆ, ಕಾಗದದಲ್ಲಿ ಸುತ್ತಿದ್ದವು. ನೀನು ಆಗ ನಾಲ್ಕು ದಿನದಿಂದ ಅನ್ನ ಮುಟ್ಟಿರಲಿಲ್ಲ, ಮಲಗಿರಲಿಲ್ಲ, ಬಾವಿಯ ಕಟ್ಟೆ ಬಿಟ್ಟು ಏಳುತ್ತಿರಲಿಲ್ಲ. ನಾನು ಏನು ಮಾಡಬೇಕಿತ್ತು ಹೇಳು? ಮುದ್ದೆಯನ್ನು ಯಾರೂ ಅಗಿಯುವುದಿಲ್ಲವಲ್ಲ. ಬೇರೆ ಯಾವುದರಲ್ಲಿ ಹಾಕಿದರೂ ಹಲ್ಲಿಗೆ ಸಿಗುತ್ತಿತ್ತು, ಕಹಿ ಗೊತ್ತಾಗುತ್ತಿತ್ತು. ಸಣ್ಣ ಮುದ್ದೆ ಕಟ್ಟಿ, ನೆತ್ತಿಯಲ್ಲಿ ಮಾತ್ರೆ ಇಟ್ಟು ಹೆಬ್ಬೆಟ್ಟಿನಲ್ಲಿ ಒಳಕ್ಕೆ ಒತ್ತಿ, ಮೇಲೆ ಹಿಟ್ಟು ಸವರಿ, ಕುಳಿಗೆ ತುಪ್ಪ ಹಾಕಿದೆ. ತುಪ್ಪದ ತುತ್ತನ್ನು ನೀನು ಮೊದಲು ನುಂಗುವವಳು ಎಂದು ನನಗೆ ಗೊತ್ತಿತ್ತು. ನೀನು ಹೇಳಿಕೊಂಡು ಅಳುವ ಆ ಗುರುತು ಅದು.

ಕುರುಡುಮಲೆಗೂ ಹೋಗಲಿಲ್ಲ. ತಿಂಗಳಿಗೊಂದು ಸಲ ಕೋಲಾರದ ಆಸ್ಪತ್ರೆಗೆ ಹೋಗಿ ನಿನ್ನ ಚೀಟಿ ತೋರಿಸಿ ಮಾತ್ರೆ ತಂದೆ. ಕುಂಕುಮ ಬಸ್‌ಸ್ಟ್ಯಾಂಡಿನ ಅಂಗಡಿಯದು. ಗಣಪ ನನ್ನ ಮೇಲೆ ಎಷ್ಟು ಕೋಪ ಮಾಡಿಕೊಂಡಿದ್ದಾನೋ, ಅವನ ಲೆಕ್ಕ ಬೇರೆ ತೀರಿಸಬೇಕು.

ಒಂದು ದಿನ ನೀನು ಸ್ನಾನಕ್ಕೆ ಹೋಗಿದ್ದಾಗ ನಿಮ್ಮಣ್ಣ ಅವಸರದಲ್ಲಿ ನಿನ್ನ ಮುದ್ದೆ ನುಂಗಿ ತೋಟಕ್ಕೆ ಹೋದರು. ಮಾವಿನ ಮರದ ಕೆಳಗೆ ಸಂಜೆಯವರೆಗೆ ಮಲಗಿಬಿಟ್ಟರು. ಟೊಮೆಟೊ ಒಯ್ಯಲು ಬಂದ ಗಾಡಿಯವನು ಕೂಗಿ ಕೂಗಿ ಹೊರಟುಹೋದ. ಗಾಳಿ ಸೋಕಿದೆ ಎಂದರು ಎಲ್ಲರೂ. ನಾನೇ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದೆ. ಆ ಕಥೆ ಹೇಳಿ ನೀನು ಎಷ್ಟು ಸಲ ನಕ್ಕಿದ್ದೀಯ. ನನಗೆ ಮಾತ್ರ ಅವತ್ತು ಎದೆ ಒಡೆದುಹೋಗಿತ್ತು. ಗಟ್ಟಿ ಆಳನ್ನೇ ಹೀಗೆ ಕೆಡವಿದ್ದು ನಿನ್ನನ್ನು ಏನು ಮಾಡುತ್ತಿದೆಯೋ ಎಂದು. ನಿನ್ನ ಕೈ ನಡುಗುವುದು ಕಂಡಾಗಲೆಲ್ಲ ನಾಳೆಯಿಂದ ಬೇಡ ಎಂದುಕೊಳ್ಳುತ್ತಿದ್ದೆ. ಮಾರನೆಯ ದಿನ ಮತ್ತೆ ಒತ್ತುತ್ತಿದ್ದೆ. ಕೇಳಲು ಯಾರೂ ಇರಲಿಲ್ಲ. ನಿಮ್ಮಣ್ಣನಿಗೂ ಇವತ್ತಿನವರೆಗೆ ಗೊತ್ತಿಲ್ಲ.

ನೀನೇ ಮಾತ್ರೆ ಕೇಳಿ ತಗೊಂಡ ಮೇಲೆ ಒಳಗೆ ಏನೂ ಇಡಲಿಲ್ಲ. ಆದರೂ ಕುಳಿ ಒತ್ತುವುದು ಬಿಡಲಿಲ್ಲ. ಬಿಟ್ಟರೆ ನೀನು ಕೇಳುತ್ತೀಯ ಎಂಬ ಭಯ ಮೊದಮೊದಲು. ಆಮೇಲೆ ಅದು ಭಯ ಅಲ್ಲ.

ಇದನ್ನು ನಿನ್ನ ಮೇಡಂಗೆ ತೋರಿಸು. ನಿನ್ನ ಕೆಲಸ ಹೋದರೆ ನನ್ನಿಂದ ಹೋಯಿತು. ಆದರೆ ಆ ಹುಡುಗಿ ಕಾಯುತ್ತಾ ಕೂರಬಾರದು.

ಅಕ್ಕಯಮ್ಮ


ರಾಯಲ್ಪಾಡು
4 ಡಿಸೆಂಬರ್ 2005

ಗಂಗರತ್ನಾ,

ಆರು ವಾರ ಆಯಿತು. ದೀಪಾವಳಿಗೂ ಬರಲಿಲ್ಲ. ಮುನಿಯಲ್ಲಪ್ಪನ ಸೈಕಲ್ಲಿನ ಗಂಟೆ ಕೇಳಿದರೆ ಕೈಯ ಕೆಲಸ ಬಿಟ್ಟು ಹೊರಗೆ ಬರುತ್ತೇನೆ. ಅವನಿಗೂ ಅನುಮಾನ ಬಂದಿದೆ. ಬೈದಾದರೂ ಬರೆಯೇ.

ಅಕ್ಕಯಮ್ಮ


ಲಕ್ಕೂರು
18 ಡಿಸೆಂಬರ್ 2005

ಅತ್ತಿಗೆಯವರಿಗೆ,

ನಿಮ್ಮ ಪತ್ರವನ್ನು ಓದಿ ಹರಿದುಹಾಕಿದೆ. ಮಾರನೆಯ ದಿನ ಚೂರುಗಳನ್ನು ಹೆಕ್ಕಿ ಅನ್ನದ ಅಗುಳಿನಲ್ಲಿ ಅಂಟಿಸಿದೆ. ಹೆಕ್ಕುವುದು ನಮ್ಮ ಮನೆಯ ಅಭ್ಯಾಸವೆಂದು ಕಾಣುತ್ತದೆ.

ಎಂಟು ದಿನ ನನಗೆ ಮುದ್ದೆ ಇಳಿಯಲಿಲ್ಲ. ಪ್ರತಿ ತುತ್ತನ್ನೂ ಬೆರಳಿನಲ್ಲಿ ಕಿವುಚಿ ನೋಡುತ್ತಿದ್ದೆ. ಹಿಟ್ಟಿನಲ್ಲಿ ಕಲ್ಲಿಲ್ಲಮ್ಮ ಎಂದು ಅಡುಗೆಯವಳು ಜಗಳಕ್ಕೆ ಬಂದಳು. ನನಗೆ ನಿಮ್ಮ ಮೇಲೆ ಸಿಟ್ಟಿದೆ, ಇನ್ನೂ ಇದೆ. ಮಾತ್ರೆ ಕೊಟ್ಟದ್ದಕ್ಕಲ್ಲ. ಲೋಕವೆಲ್ಲ ವಿಷವಾಗಿದ್ದಾಗ ನಾನು ನಂಬಿದ್ದು ಆ ಒಂದು ಗುರುತನ್ನು, ನೀವು ಅದರ ಕೆಳಗೇ ಇಟ್ಟಿರಿ. ಇನ್ನೊಂದು ಮಾತು, ಹೇಳಲು ನಾಚಿಕೆ. ನಾನೇ ಗೆದ್ದೆ ಎಂದು ಎಂಟು ವರ್ಷ ಬೀಗಿದ್ದೆ. ನನ್ನದು ಅಂತ ಇದ್ದದ್ದು ಅದೊಂದೇ. ಅದೂ ನಿಮ್ಮದಾಯಿತು.

ಪತ್ರವನ್ನು ಮೇಡಂ ಮುಂದಿಟ್ಟು, ನನ್ನನ್ನು ಊರಿಗೆ ಕಳಿಸಿಬಿಡಿ ಎಂದೆ. ಅವರು ಅಂಟಿಸಿದ ಚೂರುಗಳನ್ನು ಸರಿಮಾಡಿಕೊಂಡು ಎರಡು ಸಲ ಓದಿದರು. ಇದನ್ನು ಯಾರಿಗೆ ಮೊದಲು ಹೇಳಬೇಕೋ ಅವರಿಗೆ ಹೇಳಿ ಬನ್ನಿ, ಆಮೇಲೆ ನೋಡೋಣ ಎಂದರು.

ಶ್ಯಾಮಲಮ್ಮನ ಮನೆಗೆ ಹೋದೆ. ಊಟದ ಹೊತ್ತು. ಅವಳೆದುರು ಕೂತು, ನಾನು ಹೇಳಿದ್ದು ಸುಳ್ಳಮ್ಮ, ಸುಳ್ಳೆಂದು ನನಗೂ ಗೊತ್ತಿರಲಿಲ್ಲ ಎಂದು ಎಲ್ಲ ಹೇಳಿದೆ. ಹೆಬ್ಬೆಟ್ಟಿನ ಮಾತು ಬಂದ ಕೂಡಲೇ ಅವಳ ತಾಯಿ ಎದ್ದು ಒಲೆಯ ಹತ್ತಿರ ಹೋದಳು. ಶ್ಯಾಮಲಮ್ಮ ತಾಯಿಯನ್ನು ನೋಡಿದಳು, ತಟ್ಟೆ ನೋಡಿದಳು, ಮುದ್ದೆಯನ್ನು ಎರಡು ಹೋಳು ಮಾಡಿದಳು. ಒಳಗೆ ಬಿಳಿ ಮಾತ್ರೆ. ನಾನು ಬೈದು ಬಂದ ಮೇಲೂ ಆ ತಾಯಿ ಅದನ್ನೇ ಮಾಡಿದ್ದಳು, ಮಗಳು ಸ್ಟೇಷನ್ನಿನಿಂದ ಬಂದ ದಿನದಿಂದ.

ಶ್ಯಾಮಲಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಆ ಹುಡುಗಿ ನನ್ನನ್ನು ಕೇಳಿದಳು: “ಇನ್ಮೇಲೆ ನಿಮ್ಮತ್ತಿಗೆ ಕೈಯಿಂದ ತಿಂತೀರಾ?”

ಗೊತ್ತಿಲ್ಲ ಎಂದೆ. ಆ ಮನೆಯಲ್ಲಿ ನಾನು ಆಡಿದ ಮೊದಲ ನಿಜವಾದ ಮಾತು ಅದು ಅನ್ನಿಸುತ್ತದೆ.

ನನ್ನ ಚೀಲದಿಂದ ನನ್ನ ಡಬ್ಬಿ ತೆಗೆದು, ಇದು ನನ್ನದು, ನಾನು ದಿನಾ ತಗೊಳ್ಳುತ್ತೇನೆ ಎಂದು ಅವಳ ಎದುರಿಗೇ ನೀರು ಕುಡಿದು ನುಂಗಿದೆ. ಅವಳು ಹಿಟ್ಟು ಮೆತ್ತಿದ ಮಾತ್ರೆಯನ್ನು ತಾಯಿಯ ಕೈಗೆ ವಾಪಸ್ಸು ಕೊಟ್ಟಳು. “ಬೇರೆ ಕೊಡು. ಕೈಗೆ ಕೊಡು” ಎಂದಳು. ತಾಯಿ ಅಳುತ್ತಾ ಕೊಟ್ಟಳು. ಅವತ್ತು ತಗೊಂಡಳು. ಮಾರನೆಯ ದಿನ ಬೇಡವೆಂದಳು, ಅದರ ಮಾರನೆಯ ದಿನ ಮತ್ತೆ ತಗೊಂಡಳು. ಡಾಕ್ಟರ ಹತ್ತಿರ ಕೂತು ಮಾತ್ರೆಯಿಂದಾಗುವ ಕೈ ನಡುಕದ ಬಗ್ಗೆ ಅವಳೇ ಕೇಳಿದಳು, ಅವರು ಅಳತೆ ಬದಲಿಸಿದರು. ಈಗ ನಾನು ಸಂಜೆಯ ಹೊತ್ತಿಗೆ ಹೋಗುತ್ತೇನೆ, ಇಬ್ಬರೂ ಒಟ್ಟಿಗೆ ನುಂಗುತ್ತೇವೆ. ತಾಯಿ ಮಜ್ಜಿಗೆ ತರುತ್ತಾಳೆ. ಇದಕ್ಕೆ ಇಷ್ಟೇ, ಇನ್ನೇನೂ ಮಂತ್ರವಿಲ್ಲ.

ನಿನ್ನೆ ಮೇಡಂ ಹೇಳಿದರು, ನನ್ನ ಸರದಿ ಜನವರಿ 22ಕ್ಕೆ, ಲಕ್ಕೂರಿನ ಶಾಲೆಯಲ್ಲಿ. ಹಳೆಯ ಕಥೆಯಲ್ಲ, ಈಗ ಗೊತ್ತಾದದ್ದು. ಅದನ್ನು ಹೇಳಿ ಮುಗಿಸಿದರೆ ಕೆಲಸ ನನ್ನದು.

ಆದರೆ ನಿಮ್ಮನ್ನು ಬಿಟ್ಟು ಅದನ್ನು ಹೇಳಲು ಬರುವುದಿಲ್ಲ. ನೀವು ಮಾಡಿದ್ದು ಸರಿ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ನೀವು ಮಾಡದಿದ್ದರೆ ಇದನ್ನು ಬರೆಯಲು ನಾನು ಉಳಿದಿರುತ್ತಿದ್ದೆನೋ ಇಲ್ಲವೋ, ಅದೂ ಗೊತ್ತು. ಎರಡನ್ನೂ ಹೇಳುತ್ತೇನೆ. ನಿಮ್ಮ ಹೆಸರು ಹೇಳಲೇ? ಬೇಡವೆಂದರೆ ಹೇಳುವುದಿಲ್ಲ. ನಾನು ಕೇಳಿ ಮಾಡುತ್ತಿದ್ದೇನೆ.

ಸಂಕ್ರಾಂತಿಗೆ ಬರುತ್ತೇನೆ. ನಿಮ್ಮ ಮನೆಯಲ್ಲಿ ಮುದ್ದೆ ತಿನ್ನುತ್ತೇನೋ ಇಲ್ಲವೋ ಈಗ ಹೇಳಲಾರೆ.

ಗಂಗರತ್ನ


(ಕಾರ್ಡು, ಅಂಚಿನವರೆಗೂ ಸಣ್ಣ ಅಕ್ಷರದಲ್ಲಿ)
ರಾಯಲ್ಪಾಡು, 2 ಜನವರಿ 2006

ಗಂಗರತ್ನಾ, ಬೇಕೆಂದೇ ಕಾರ್ಡಿನಲ್ಲಿ ಬರೆಯುತ್ತಿದ್ದೇನೆ. ಮುನಿಯಲ್ಲಪ್ಪನವರೇ, ನೀವು ಓದುತ್ತೀರೆಂದು ಗೊತ್ತು, ಓದಿ, ಅಂಗಡಿ ಮುಂದೆಯೂ ಹೇಳಿ. ನನ್ನ ನಾದಿನಿಗೆ ಮನಸ್ಸಿನ ಕಾಯಿಲೆ ಇತ್ತು. ಈಗಲೂ ದಿನಾ ಮಾತ್ರೆ ತಗೊಳ್ಳುತ್ತಾಳೆ. ನಾನು ಹನ್ನೊಂದು ತಿಂಗಳು ಅವಳಿಗೆ ಹೇಳದೆ ಮುದ್ದೆಯಲ್ಲಿಟ್ಟು ನುಂಗಿಸಿದೆ, ಅದು ತಪ್ಪು. ಅವಳು ಬದುಕಿದ್ದಾಳೆ, ನನಗೆ ಅದು ಸಾಕು.

ಹೆಸರು ಹೇಳು. ಅಕ್ಕಯಮ್ಮ, ವೆಂಕಟರಮಣಪ್ಪನ ಹೆಂಡತಿ, ರಾಯಲ್ಪಾಡು ಎಂದು ಪೂರ್ತಿ ಹೇಳು. 22ಕ್ಕೆ ನಾನೂ ಬಂದು ಮುಂದೆ ಕೂರುತ್ತೇನೆ. ನಿಮ್ಮಣ್ಣನಿಗೆ ಆ ದಿನದ ನಿದ್ದೆಯ ಗುಟ್ಟು ಹೇಳಿದೆ. ನಾಲ್ಕು ದಿನದಿಂದ ಅವರೂ ಮುದ್ದೆ ಮುರಿದು ನೋಡಿಯೇ ತಿನ್ನುತ್ತಿದ್ದಾರೆ.

ಸಂಕ್ರಾಂತಿಗೆ ಹೊಸ ರಾಗಿ ಬೀಸಿಸಿಟ್ಟಿದ್ದೇನೆ. ನಿನ್ನ ಮುದ್ದೆಗೆ ಹೆಬ್ಬೆಟ್ಟು ಒತ್ತಲಾ, ಬೇಡವಾ, ಬಂದು ಹೇಳು. ಕೇಳದೆ ಒತ್ತುವುದಿಲ್ಲ.